ಅಮೆರಿಕದ ಸರ್ಕಾರಿ ವಿದ್ಯಾರ್ಥಿ ಸಾಲ: ಯಾರ ಹೊಣೆ ಎಲ್ಲಿಯವರೆಗೆ?

ಊರಲ್ಲಿ ಶಿಕ್ಷಣ ಸಾಲ ಎಂದರೆ ಅಪ್ಪನ ಸಹಿ, ಜಾಮೀನು, ಬ್ಯಾಂಕಿಗೆ ನಾಲ್ಕು ಸಲ ಅಲೆದಾಟ. ಅಮೆರಿಕದ ಫೆಡರಲ್ ಸಾಲದಲ್ಲಿ ಮಗನೋ ಮಗಳೋ ಒಬ್ಬರೇ ಕಂಪ್ಯೂಟರ್ ಮುಂದೆ ಕೂತು ಸಹಿ ಹಾಕಿದರೆ ಮುಗಿಯಿತು, ಸಾಲಗಾರರು ಅವರೇ. ಹಣ ಕೊಡುವುದು ಸರ್ಕಾರ, ಹಂಚುವುದು ಕಾಲೇಜು, ವಸೂಲಿ ನೋಡಿಕೊಳ್ಳುವುದು ಸರ್ವಿಸರ್ ಎಂಬ ಗುತ್ತಿಗೆ ಕಂಪನಿ. ಒಬ್ಬರಿಗೆ ಹೇಳಿದ್ದು ಇನ್ನೊಬ್ಬರಿಗೆ ತಲುಪಿರುತ್ತದೆ ಎಂದುಕೊಳ್ಳುವಲ್ಲೇ ಹೊಸಬರು ಎಡವುವುದು.

ಎಫ್-1 (ವಿದ್ಯಾರ್ಥಿ), ಎಚ್-1ಬಿ (ಉದ್ಯೋಗಿ), ಎಚ್-4 (ಎಚ್-1ಬಿಯವರ ಕುಟುಂಬ) ವೀಸಾದಲ್ಲಿರುವ ವಿದ್ಯಾರ್ಥಿಗೆ ಈ ಸಾಲ ಸಿಗದು. ಸಾಮಾನ್ಯವಾಗಿ ಪೌರತ್ವ ಅಥವಾ ಗ್ರೀನ್ ಕಾರ್ಡ್ ಬೇಕು. ಆದರೆ ಮಗು ಇಲ್ಲಿಯೇ ಹುಟ್ಟಿದ್ದು, ಅಪ್ಪ ಅಮ್ಮ ಇನ್ನೂ ಎಚ್-1ಬಿಯಲ್ಲಿದ್ದರೆ ಅಡ್ಡಿಯಿಲ್ಲ. ಪೋಷಕರ ವೀಸಾವನ್ನು ಯಾರೂ ಕೇಳುವುದಿಲ್ಲ. ಸೋಶಿಯಲ್ ಸೆಕ್ಯುರಿಟಿ ಸಂಖ್ಯೆಯೇ ಇಲ್ಲದ ತಾಯಿಯೂ ಸರ್ಕಾರದ ಸ್ಟೂಡೆಂಟ್‌ಏಯ್ಡ್ ಜಾಲತಾಣದಲ್ಲಿ ಖಾತೆ ತೆರೆಯಬಹುದು.

ಪೋಷಕರ ಹೊಣೆ ಬರುವುದು ಫಾಫ್ಸಾ ಎಂಬ ಸರ್ಕಾರಿ ನೆರವಿನ ಅರ್ಜಿಯಲ್ಲಿ. ಇದು ಉಚಿತ, ಸಾಮಾನ್ಯವಾಗಿ ಅಕ್ಟೋಬರ್ 1ರ ಹೊತ್ತಿಗೆ ತೆರೆಯುತ್ತದೆ. ತೆರಿಗೆ ವಿವರವನ್ನು ಅಮೆರಿಕದ ತೆರಿಗೆ ಇಲಾಖೆಯಾದ ಐಆರ್‌ಎಸ್‌ನಿಂದ ನೇರವಾಗಿ ತರಿಸಿಕೊಳ್ಳಲು ಪೋಷಕರು ಒಪ್ಪಿಗೆ ಕೊಡಲೇಬೇಕು. ಇಬ್ಬರೂ ಸೇರಿ ಒಂದೇ ರಿಟರ್ನ್ ಸಲ್ಲಿಸಿದ್ದರೆ ಒಬ್ಬರ ಒಪ್ಪಿಗೆ ಸಾಕು. ನಮ್ಮವರು ಮರೆಯುವುದು ಊರಿನ ಆಸ್ತಿಯನ್ನು. ಮೈಸೂರಲ್ಲಿ ಹೂಡಿಕೆಗೆಂದು ಕೊಂಡಿಟ್ಟ ಸೈಟು, ಬೆಂಗಳೂರಲ್ಲಿ ಬಾಡಿಗೆಗೆ ಕೊಟ್ಟ ಫ್ಲ್ಯಾಟು, ಎರಡನ್ನೂ ಡಾಲರ್ ಲೆಕ್ಕದಲ್ಲಿ ತೋರಿಸಬೇಕು. ಸ್ವಂತಕ್ಕೆ ವಾಸವಿರುವ ಮನೆ ಲೆಕ್ಕಕ್ಕಿಲ್ಲ. ಇನ್ನು ಹೆಸರು: ಸೋಶಿಯಲ್ ಸೆಕ್ಯುರಿಟಿ ಕಾರ್ಡಿನಲ್ಲಿರುವಂತೆಯೇ ಬರೆಯಿರಿ. ಇನಿಶಿಯಲ್ ಒಂದು ಕಡೆ, ಅದನ್ನು ಬಿಡಿಸಿ ಬರೆದ ತಂದೆಯ ಹೆಸರು ಇನ್ನೊಂದು ಕಡೆ ಇದ್ದರೆ ಅರ್ಜಿ ತಾಳೆಯಾಗದೆ ನಿಲ್ಲುತ್ತದೆ.

ಪೋಷಕರ ಅವಲಂಬಿತ ಪದವಿ ವಿದ್ಯಾರ್ಥಿಗೆ ಸಿಗುವ ಸಾಲ ಹೆಚ್ಚೆಂದರೆ ಮೊದಲ ವರ್ಷ 5,500 ಡಾಲರ್, ಎರಡನೆಯ ವರ್ಷ 6,500, ಆಮೇಲೆ ವರ್ಷಕ್ಕೆ 7,500. ಒಟ್ಟು ಮಿತಿ 31,000. ಮೊದಲ ವರ್ಷದ ಮೊತ್ತದಲ್ಲಿ ಹೆಚ್ಚೆಂದರೆ 3,500 ಮಾತ್ರ ಸಬ್ಸಿಡಿ ಸಾಲ, ಅದೂ ಅಗತ್ಯ ಇದ್ದವರಿಗೆ. ಓದುವಷ್ಟು ದಿನ ಅದರ ಬಡ್ಡಿ ಸರ್ಕಾರದ್ದು. ಉಳಿದದ್ದಕ್ಕೆ ಹಣ ಬಿಡುಗಡೆಯಾದ ದಿನದಿಂದಲೇ ಬಡ್ಡಿ ಬೆಳೆಯುತ್ತದೆ. ಕಾಲೇಜು ಪತ್ರದಲ್ಲಿ ಪೂರ್ತಿ ಮೊತ್ತ ಬರೆದಿದೆಯೆಂದು ಪೂರ್ತಿ ಒಪ್ಪಬೇಕಿಲ್ಲ. ಬೇಡದ್ದನ್ನು 120 ದಿನಗಳೊಳಗೆ ಹಿಂತಿರುಗಿಸಿದರೆ ಅಷ್ಟರ ಮಟ್ಟಿಗೆ ಬಡ್ಡಿಯೂ ಇಲ್ಲ, ಶುಲ್ಕವೂ ಇಲ್ಲ.

ಕಾಲೇಜಿನ ಫೈನಾನ್ಶಿಯಲ್ ಏಯ್ಡ್ ಕಚೇರಿ ಅರ್ಹತೆ ಪರೀಕ್ಷಿಸಿ, ಹಣವನ್ನು ಮೊದಲು ತನ್ನ ಶುಲ್ಕಕ್ಕೆ ಹಿಡಿದುಕೊಂಡು, ಮಿಕ್ಕದ್ದನ್ನು 14 ದಿನಗಳೊಳಗೆ ವಿದ್ಯಾರ್ಥಿಗೆ ಕೊಡಬೇಕು. ನಿಜವಾದ ಪೆಟ್ಟು ಬೀಳುವುದು ಸೆಮಿಸ್ಟರ್ ನಡುವೆ ಓದು ಬಿಟ್ಟಾಗ. ಅವಧಿಯ ಶೇ. 60 ದಾಟುವ ಮೊದಲೇ ಬಿಟ್ಟರೆ, ಕಳೆದ ದಿನಗಳಿಗೆ ತಕ್ಕಷ್ಟು ಸಾಲ ಮಾತ್ರ ಉಳಿಯುತ್ತದೆ. 100 ದಿನದ ಸೆಮಿಸ್ಟರಿನಲ್ಲಿ 40ನೇ ದಿನ ಬಿಟ್ಟರೆ, 2,500 ಡಾಲರಿನಲ್ಲಿ 1,500 ವಾಪಸು ಹೋಗಬೇಕು. ಕಾಲೇಜು ತನ್ನ ಪಾಲನ್ನು ಸರ್ಕಾರಕ್ಕೆ ಕಳಿಸಿ, ಅಷ್ಟೇ ಮೊತ್ತದ ಶುಲ್ಕ ಬಾಕಿಯ ಬಿಲ್ಲನ್ನು ವಿದ್ಯಾರ್ಥಿಯ ಕೈಗಿಡಬಹುದು. ಆದ್ದರಿಂದ ಕೋರ್ಸ್ ಕೈಬಿಡುವ ಮೊದಲು ಆ ಕಚೇರಿಯಲ್ಲಿ ಕೇಳಿ, ಲೆಕ್ಕ ಬರೆಸಿಕೊಳ್ಳಿ. ಕೋರ್ಸ್‌ಗಳ ಹೊರೆ ಅರ್ಧಕ್ಕಿಂತ ಕಡಿಮೆಯಾದರೆ (ಅರ್ಧ ಎಂದರೆ ಸಾಮಾನ್ಯವಾಗಿ ಸೆಮಿಸ್ಟರಿಗೆ 6 ಕ್ರೆಡಿಟ್) ಕಂತು ಶುರುವಾಗುವ ಮೊದಲಿನ ಆರು ತಿಂಗಳ ವಿನಾಯಿತಿಯ ಗಡಿಯಾರ ಓಡತೊಡಗುತ್ತದೆ.

ಪೇರೆಂಟ್ ಪ್ಲಸ್ ಎಂಬ ಸಾಲ ಬೇರೆಯೇ ಜಾತಿ. ಇದರಲ್ಲಿ ಸಾಲಗಾರರು ತಂದೆ ಅಥವಾ ತಾಯಿ. ಮುಂದೆ ಮಗನ ಹೆಸರಿಗೆ ವರ್ಗಾಯಿಸಲಾಗದು. ಪೋಷಕರಿಗೂ ಸಾಮಾನ್ಯವಾಗಿ ಪೌರತ್ವ ಅಥವಾ ಗ್ರೀನ್ ಕಾರ್ಡ್ ಇರಬೇಕು. 2026ರ ಜುಲೈ 1ರಿಂದ ಹೊಸ ಸಾಲಗಾರರಿಗೆ ಒಬ್ಬ ವಿದ್ಯಾರ್ಥಿಗೆ ವರ್ಷಕ್ಕೆ 20,000, ಒಟ್ಟು 65,000 ಡಾಲರ್ ಮಿತಿ. ನಿವೃತ್ತಿ ಹತ್ತಿರವಿರುವವರು ಇದಕ್ಕೆ ಕೈಹಾಕುವ ಮುನ್ನ ಅಗ್ಗದ ಕಾಲೇಜು ಹುಡುಕುವುದೇ ವಾಸಿ.

ಓದು ಮುಗಿದ ಮೇಲೆ ಮಾತುಕತೆಯೆಲ್ಲ ಸರ್ವಿಸರ್ ಜೊತೆ. ಬಿಲ್ ಕಳಿಸುವುದು, ಕಂತನ್ನು ಲೆಕ್ಕಕ್ಕೆ ಹಾಕುವುದು, ಮರುಪಾವತಿ ಯೋಜನೆ ಬದಲಿಸುವುದು ಅವರ ಕೆಲಸ, ಮತ್ತು ಇದಕ್ಕೆ ಶುಲ್ಕವಿಲ್ಲ. ದುಡ್ಡು ಕೊಟ್ಟರೆ ಮನ್ನಾ ಮಾಡಿಸುತ್ತೇವೆ ಎಂದು ಫೋನ್ ಬಂದರೆ ಇಟ್ಟುಬಿಡಿ. ಬಿಲ್ ಬರಲಿಲ್ಲ ಎಂಬುದು ನೆಪವಾಗದು. ವಿಳಾಸ ಬದಲಾದದ್ದನ್ನು ತಿಳಿಸುವುದು ಸಾಲಗಾರರ ಹೊಣೆ, ಊರಿಗೆ ಮರಳಿದರೂ ಅಷ್ಟೇ. 270 ದಿನ ಕಟ್ಟದಿದ್ದರೆ ಡಿಫಾಲ್ಟ್, ಅಂದರೆ ಸಾಲ ತೀರಿಸದವರ ಪಟ್ಟಿಗೆ. ಆಮೇಲೆ ಕೋರ್ಟಿಗೆ ಹೋಗದೆಯೇ ಸರ್ಕಾರ ತೆರಿಗೆ ರೀಫಂಡ್ ಹಿಡಿಯಬಹುದು, ಕಡಿತಗಳ ನಂತರದ ಸಂಬಳದಲ್ಲಿ ಶೇ. 15ರವರೆಗೆ ಮುರಿದುಕೊಳ್ಳಬಹುದು. ಕಷ್ಟವಿದ್ದರೆ ಕಂತು ತಪ್ಪುವ ಮೊದಲೇ ಆದಾಯಕ್ಕೆ ತಕ್ಕ ಯೋಜನೆ ಕೇಳಿ.

ಆಟೋಪೇ, ಅಂದರೆ ಕಂತು ಬ್ಯಾಂಕಿನಿಂದ ತಾನಾಗಿ ಕಡಿತವಾಗುವ ವ್ಯವಸ್ಥೆ, ಹಾಕಿಸಿದರೆ ಬಡ್ಡಿ ಶೇ. 0.25 ಇಳಿಯುತ್ತದೆ. ಆದರೆ ಸರ್ಕಾರ ನಿಮ್ಮ ಸಾಲವನ್ನು ಬೇರೆ ಸರ್ವಿಸರ್‌ಗೆ ದಾಟಿಸಿದಾಗ ಆಟೋಪೇ ತಾನಾಗಿ ಜೊತೆಗೆ ಹೋಗಿದೆ ಎಂದು ನಂಬಬೇಡಿ. ಸ್ಟೂಡೆಂಟ್‌ಏಯ್ಡ್ ಖಾತೆಯಲ್ಲಿ ಈಗಿನ ಸರ್ವಿಸರ್ ಯಾರೆಂದು ನೋಡಿ, ಅವರ ಜಾಲತಾಣದಲ್ಲಿ ಹೊಸದಾಗಿ ನೋಂದಾಯಿಸಿ, ಮೊದಲ ಕಂತು ಬ್ಯಾಂಕಿನಿಂದ ಕಡಿತವಾಯಿತೇ ಎಂದು ಪರೀಕ್ಷಿಸಿ.