ಮೈಕ್ರೊಮೀಟರ್ ಕ್ಯಾಲಿಬ್ರೇಶನ್‌ಗೆ ಕೊಡುವ ಮುಂಚೆ

"ಸಾಹೇಬ್ರ, ನಾಳೆ ಆಡಿಟ್ ಐತ್ರಿ, ಇವತ್ತ ಸಂಜೀಕ ಸರ್ಟಿಫಿಕೇಟ್ ಬೇಕ್ರಿ." ಪುಣೆ ಹತ್ತಿರದ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದ ನಮ್ಮ ಲ್ಯಾಬಿಗೆ ಬರುವ ಗೋಕಾಕ, ನಿಪ್ಪಾಣಿ ಕಡೆಯ ವರ್ಕ್‌ಶಾಪ್ ಮಾಲೀಕರು ಹೀಗೆಯೇ ಮಾತು ತೆಗೆಯುತ್ತಾರೆ. ಮೈಕ್ರೊಮೀಟರಿನಂಥ ಅಳತೆಯ ಉಪಕರಣ ಸರಿಯಾಗಿ ಅಳೆಯುತ್ತದೆಯೇ ಎಂದು ತಾಳೆ ನೋಡುವುದೇ ಕ್ಯಾಲಿಬ್ರೇಶನ್. ಅವರಿಗೆ ಬೇಕಾದದ್ದು ಅದಕ್ಕೆ ಎನ್‌ಎಬಿಎಲ್ ಲೋಗೊ ಇರುವ ಒಂದು ಕಾಗದ. ಆದರೆ ನೋಡಬೇಕಾದದ್ದು ಲೋಗೊ ಅಲ್ಲ, ಸ್ಕೋಪ್, ಅಂದರೆ ಲ್ಯಾಬಿಗೆ ಯಾವ ಯಾವ ಅಳತೆಗೆ ಮಾನ್ಯತೆ ಇದೆ ಎಂಬ ಪಟ್ಟಿ.

ಲ್ಯಾಬುಗಳಿಗೆಂದೇ ಇರುವ ಅಂತರರಾಷ್ಟ್ರೀಯ ಮಾನದಂಡ ಐಎಸ್ಒ/ಐಇಸಿ 17025:2017ರ ಪ್ರಕಾರ ಲ್ಯಾಬಿಗೆ ಮಾನ್ಯತೆ ಕೊಡುವುದು ಎನ್‌ಎಬಿಎಲ್. ಆ ಮಾನ್ಯತೆ ಲ್ಯಾಬಿನ ಬೋರ್ಡಿಗೆ ಸಿಕ್ಕಿದ್ದಲ್ಲ, ಒಂದೊಂದು ಅಳತೆಗೆ ಸಿಕ್ಕಿದ್ದು. 25 ಮಿ.ಮೀ.ವರೆಗಿನ ಮೈಕ್ರೊಮೀಟರಿಗೆ ಮಾನ್ಯತೆ ಇರುವ ಲ್ಯಾಬಿಗೆ ಪ್ರೆಶರ್ ಗೇಜಿಗೆ ಇರಲೇಬೇಕೆಂದಿಲ್ಲ. ಹಾಗಾಗಿ ಮೊದಲು ಲ್ಯಾಬಿನ ಸರ್ಟಿಫಿಕೇಟ್ ನಂಬರ್ ಕೇಳಿ. ಕ್ಯಾಲಿಬ್ರೇಶನ್ ಲ್ಯಾಬಿನದು 'ಸಿಸಿ' ಎಂದು ಶುರುವಾಗುತ್ತದೆ, ಟೆಸ್ಟಿಂಗ್ ಲ್ಯಾಬಿನದು 'ಟಿಸಿ' ಎಂದು. ಎನ್‌ಎಬಿಎಲ್ ಜಾಲತಾಣದಲ್ಲಿ ಅದರ ಸ್ಕೋಪ್ ತೆಗೆದು ನಿಮ್ಮ ಉಪಕರಣದ ಹೆಸರು, ರೇಂಜ್, ಸಿಎಂಸಿ ನೋಡಿ. ಸಿಎಂಸಿ ಅಂದರೆ ಆ ಲ್ಯಾಬ್ ತೋರಿಸಬಹುದಾದ ಅತಿ ಸಣ್ಣ ಅನ್‌ಸರ್ಟೇನ್ಟಿ (ಅಳತೆಯಲ್ಲಿ ಉಳಿಯುವ ಅನಿಶ್ಚಿತತೆ). ಸರ್ಟಿಫಿಕೇಟಿನಲ್ಲಿ ಅದಕ್ಕಿಂತ ಕಡಿಮೆ ಅಂಕಿ ಬಂದಿದ್ದರೆ ಫೋನ್ ಹಚ್ಚಿ ಕೇಳಿ. ನಿಮ್ಮ ಜಾಗಕ್ಕೇ ಬಂದು ಮಾಡಿಕೊಡುತ್ತಾರೆಂದರೆ, ಸ್ಕೋಪಿನಲ್ಲಿ ಸೈಟ್ ಕೆಲಸ ಬೇರೆಯಾಗಿ ನಮೂದಾಗಿದೆಯೇ ನೋಡಿ.

ಇನ್ನು ಎಲ್ಲರೂ ಹುಡುಕುವ 'ಪಾಸ್' ಎಂಬ ಪದ. ಮೈಕ್ರೊಮೀಟರಿಗೆ 4 ಮೈಕ್ರಾನ್ (ಮಿ.ಮೀ.ನ ಸಾವಿರದಲ್ಲಿ ನಾಲ್ಕು ಭಾಗ) ತಪ್ಪಿನವರೆಗೆ ಅವಕಾಶ ಇದೆ ಎಂದಿಟ್ಟುಕೊಳ್ಳಿ. ಸಿಕ್ಕ ತಪ್ಪು 3, ಅನ್‌ಸರ್ಟೇನ್ಟಿ 2 ಮೈಕ್ರಾನ್. ನಿಜವಾದ ತಪ್ಪು 1ರಿಂದ 5ರ ನಡುವೆ ಎಲ್ಲಾದರೂ ಇರಬಹುದು, ಅದೂ ಸುಮಾರು ಶೇ. 95ರ ಭರವಸೆಯಲ್ಲಿ. ಇದು ಪಾಸೋ ಫೇಲೋ? ಅನ್‌ಸರ್ಟೇನ್ಟಿಯನ್ನು ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ ಎಂಬುದೇ ಡಿಸಿಶನ್ ರೂಲ್. ಪಾಸ್–ಫೇಲ್ ಬರೆಸಿಕೊಳ್ಳುವುದಾದರೆ ಇದನ್ನು ಉಪಕರಣ ಕೊಡುವಾಗಲೇ ಲ್ಯಾಬಿನೊಂದಿಗೆ ಮಾತಾಡಿ ಬರೆದಿಡಿ. ನಮ್ಮ ಕಡೆ ಯಾರೂ ಕೇಳುವುದೇ ಇಲ್ಲ. ಆಡಿಟರ್ ಕೇಳಿದಾಗ ಮಾತ್ರ ನಮಗೆ ಫೋನ್ ಬರುತ್ತದೆ.

ಸರ್ಟಿಫಿಕೇಟಿನಲ್ಲಿರುವ ಉಷ್ಣತೆಯ ಸಾಲನ್ನು ದಾಟಿ ಹೋಗಬೇಡಿ. ಉದ್ದದ ಅಳತೆಗೆ ಆಧಾರ 20 ಡಿಗ್ರಿ. ಏಪ್ರಿಲ್‌ನಲ್ಲಿ ಪತ್ರಾ ಶೆಡ್ಡಿನ ಒಳಗೆ 38 ಇದ್ದರೆ, 100 ಮಿ.ಮೀ. ಉಕ್ಕು ಸುಮಾರು 0.02 ಮಿ.ಮೀ. ಹಿಗ್ಗುತ್ತದೆ. ಅದೇ 100 ಮಿ.ಮೀ. ಶಾಫ್ಟಿನ ಎಚ್7 ಟಾಲರೆನ್ಸೇ (ಅಳತೆ ಆಚೀಚೆ ಆಗಲು ಬಿಡುವ ಮಿತಿ) 0.035! ಜಾಬೂ (ಅಳೆಯುವ ಭಾಗ) ಗೇಜೂ ಎರಡೂ ಉಕ್ಕಿನವಾಗಿ ಒಂದೇ ಬಿಸಿಯಲ್ಲಿದ್ದರೆ ಬಹುಪಾಲು ಸರಿದೂಗುತ್ತದೆ. ಈಗಷ್ಟೇ ಮಷೀನಿನಿಂದ ತೆಗೆದ ಬಿಸಿ ಜಾಬನ್ನು ತಣ್ಣನೆಯ ಮೈಕ್ರೊಮೀಟರಿನಲ್ಲಿ ಹಿಡಿದರೆ ಸರಿದೂಗುವುದಿಲ್ಲ.

ಲ್ಯಾಬಿನವರು ಉಪಕರಣವನ್ನು ಅಡ್ಜಸ್ಟ್ ಮಾಡಿದ್ದರೆ ಮುಂಚಿನ ರೀಡಿಂಗ್, ಆಮೇಲಿನ ರೀಡಿಂಗ್ ಎರಡನ್ನೂ ಕೇಳಿ ಪಡೆಯಿರಿ. ಗಿರಾಕಿಗೆ ಆಗಲೇ ಹೋದ ಮಾಲು ಸರಿಯಿತ್ತೇ ಎಂದು ಹೇಳುವುದು ಮುಂಚಿನದು ಮಾತ್ರ. ತಾಳೆ ನೋಡಲು ಬಳಸಿದ ಮಾಸ್ಟರ್ ಯಾವುದು, ಅದರ ಟ್ರೇಸೆಬಿಲಿಟಿ, ಅಂದರೆ ತಾಳೆ ನೋಡಿದ ಸರಪಳಿ, ದಿಲ್ಲಿಯ ಎನ್‌ಪಿಎಲ್‌ನಂಥ ರಾಷ್ಟ್ರೀಯ ಸಂಸ್ಥೆಗೆ ಮುಟ್ಟುತ್ತದೆಯೇ, ಉಪಕರಣದ ಮೇಲೆ ಕೆತ್ತಿದ ನಂಬರೇ ಕಾಗದದಲ್ಲೂ ಇದೆಯೇ, ಅದನ್ನೂ ಒಮ್ಮೆ ಕಣ್ಣಾಡಿಸಿ.

ಸರ್ಟಿಫಿಕೇಟಿನಲ್ಲಿ ಮುಂದಿನ ಕ್ಯಾಲಿಬ್ರೇಶನ್ನಿನ ಡ್ಯೂ ಡೇಟ್ ಇಲ್ಲ ಎಂದು ಜಗಳಕ್ಕೆ ಬರುವವರಿದ್ದಾರೆ. ಗಿರಾಕಿಯೊಂದಿಗೆ ಒಪ್ಪಂದವಾಗದೆ ಅದನ್ನು ಲ್ಯಾಬ್ ಬರೆಯುವ ಹಾಗಿಲ್ಲ, 17025ರಲ್ಲೇ ಹಾಗಿದೆ. ದಿನಾಂಕ ನೀವೇ ಗೊತ್ತುಮಾಡಿ ರಿಜಿಸ್ಟರಿನಲ್ಲಿ ಬರೆಯಿರಿ. ಮೂರು ಪಾಳಿಯಲ್ಲೂ ಕೈಯಿಂದ ಕೈಗೆ ಹೋಗುವ ಮೈಕ್ರೊಮೀಟರಿಗೆ ನಾನಾದರೆ ಆರು ತಿಂಗಳು ಬರೆಯುತ್ತೇನೆ. ನೆಲಕ್ಕೆ ಬಿದ್ದರೆ ಆ ದಿನಾಂಕವನ್ನೂ ಕಾಯದೆ ಕಳಿಸಿ.