ಹಳೇ ಗಿಟಾರ್‌ಗೆ ಹೊಸ ಫ್ರೆಟ್: ಕೀಳುವಾಗ ಅವಸರ ಬೇಡ

ಗಿಟಾರನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಸಣ್ಣ ತಂತಿಗಳ ಕೆಳಗೆ, ಮೊದಲ ಮೂರ್ನಾಲ್ಕು ಫ್ರೆಟ್‌ಗಳ (ಗಿಟಾರಿನ ಕತ್ತಿಗೆ ಅಡ್ಡಲಾಗಿ ಕೂರಿಸಿದ ಲೋಹದ ಕಡ್ಡಿಗಳ) ಮೇಲೆ ಪುಟ್ಟ ಪುಟ್ಟ ಹಳ್ಳ ಕಾಣುತ್ತವೆ ಅಲ್ವಾ? ತಂತಿ ಝರ್ ಅನ್ನುವುದು ಅದರಿಂದಲೇ. ಹಳ್ಳ ಆಳವಿಲ್ಲದಿದ್ದರೆ ಅರ ಹಾಕಿ ಸಮ ಮಾಡಿದರೆ ಸಾಕು. ಸಮ ಮಾಡಿದರೆ ಫ್ರೆಟ್‌ನ ಎತ್ತರವೇ ಉಳಿಯುವುದಿಲ್ಲ ಅನ್ನುವಾಗ ಮಾತ್ರ ಹೊಸದು ಹಾಕಿ.

ಮೊದಲು ಉಳಿದ ಭಾಗಗಳನ್ನು ಪರೀಕ್ಷಿಸಿ. ಬ್ರಿಡ್ಜ್‌ನ (ಮೇಲ್ಹಲಗೆಗೆ ಅಂಟಿಸಿದ, ತಂತಿ ಕಟ್ಟುವ ಮರದ ತುಂಡಿನ) ಹಿಂದಿನ ಅಂಚಿಗೆ ತೆಳು ಕಾಗದ ತೂರಿಸಿ. ಒಳಗೆ ಹೋದರೆ ಅಂಟು ಬಿಟ್ಟಿದೆ. ಮೇಲ್ಹಲಗೆಯನ್ನು ಗೆಣ್ಣಿನಿಂದ ತಟ್ಟಿದಾಗ ಗರಗರ ಅಂದರೆ ಒಳಗಿನ ಪಟ್ಟಿ ಸಡಿಲವಾಗಿದೆ. ಬ್ರಿಡ್ಜ್ ಮೇಲೆ ತಂತಿ ಕೂರುವ ಸಣ್ಣ ಪಟ್ಟಿ, ಅಂದರೆ ಸ್ಯಾಡಲ್, ಪೂರ್ತಿ ತಗ್ಗಿಸಿದರೂ ತಂತಿ ಎತ್ತರದಲ್ಲೇ ಇದ್ದರೆ ನೆಕ್‌ನ (ಗಿಟಾರಿನ ಕತ್ತಿನ) ಕೋನ ತಪ್ಪಿದೆ. ಅದು ಹೊಸ ಫ್ರೆಟ್‌ನಿಂದ ಸರಿಹೋಗದು. ಪಳಗಿದ ಕೈಗೇ ಕೊಡಿ.

ಇನ್ನು ಕೀಳುವ ಕೆಲಸ. ಇಡೀ ರಿಪೇರಿಯ ಹಣೆಬರಹ ಇಲ್ಲೇ ತೀರ್ಮಾನವಾಗುತ್ತದೆ. ಮರದ ಸೀಳಿಗೆ ಇಳಿಯುವ ಫ್ರೆಟ್‌ನ ಕಾಲಿಗೆ ಸಣ್ಣ ಸಣ್ಣ ಮುಳ್ಳುಗಳಿವೆ. ಅವು ಮರವನ್ನು ಕಚ್ಚಿ ಹಿಡಿದಿರುತ್ತವೆ. ಸುಮ್ನೆ ಎಳೆದರೆ ಮರದ ಚಕ್ಕೆಯೇ ಎದ್ದು ಬರುತ್ತದೆ. ಸೋಲ್ಡರಿಂಗ್ ಐರನ್‌ನಿಂದ ಫ್ರೆಟ್ ಬಿಸಿ ಮಾಡಿ, ಹಳೇ ಅಂಟು ಮೆತ್ತಗಾಗಲಿ. ಮುಖ ಸಪಾಟಾಗಿ ಉಜ್ಜಿದ ಇಕ್ಕಳವನ್ನು ಒಂದು ತುದಿಯಲ್ಲಿ ಫ್ರೆಟ್‌ನ ಅಡಿಗೆ ಕೊಟ್ಟು ಮೆಲ್ಲಗೆ ಅದುಮಿ. ಎಳೆಯಬೇಡಿ. ಇಕ್ಕಳದ ಬಾಯಿ ಮುಚ್ಚಿದಂತೆ ಫ್ರೆಟ್ ತಾನಾಗಿ ಮೇಲೇಳುತ್ತದೆ. ಕೂದಲೆಳೆಯಷ್ಟು ಎದ್ದ ಮೇಲೆ ಇಕ್ಕಳವನ್ನು ಪಕ್ಕಕ್ಕೆ ಸರಿಸುತ್ತಾ ಹೋಗಿ. ಇಷ್ಟಾದರೂ ಚಕ್ಕೆ ಎದ್ದರೆ ಊದಿ ಕಳೆಯಬೇಡಿ, ಆಗಲೇ ಒಂದು ಹನಿ ಅಂಟು ಹಾಕಿ ಕೂರಿಸಿ.

1934ಕ್ಕಿಂತ ಹಿಂದಿನ ಮಾರ್ಟಿನ್ ಕಂಪನಿಯ ಗಿಟಾರ್ ಸಿಕ್ಕಿದ್ದರೆ ಮಾತ್ರ ಕೈ ಹಾಕಬೇಡಿ. ಅದರಲ್ಲಿರುವುದು ಚಪ್ಪಟೆ ಪಟ್ಟಿಯ ಫ್ರೆಟ್. ಈಗಿನ ಫ್ರೆಟ್ ಆ ಸೀಳಿಗೆ ಹೊಂದುವುದಿಲ್ಲ.

ಟ್ರಸ್ ರಾಡ್ (ನೆಕ್ ಒಳಗಿನ ಲೋಹದ ಸರಳು) ತಿರುಗಿಸಿ ನೆಕ್ ನೇರ ಮಾಡಿ, ಫಿಂಗರ್‌ಬೋರ್ಡ್‌ನ (ಫ್ರೆಟ್ ಕೂರುವ ಹಲಗೆಯ) ಉಬ್ಬಿಗೆ ಸರಿಹೊಂದುವ ಮರದ ತುಂಡಿಗೆ ಸ್ಯಾಂಡ್‌ಪೇಪರ್ ಸುತ್ತಿ ಹದವಾಗಿ ಉಜ್ಜಿ. ಸೀಳುಗಳ ಕಸ ತೆಗೆಯಿರಿ. ಸೀಳು ಸಾಮಾನ್ಯವಾಗಿ 0.6 ಮಿ.ಮೀ. ಅಗಲ ಇರುತ್ತದೆ, ಆದರೂ ಅಳೆದೇ ಫ್ರೆಟ್ ವೈರ್ ಕೊಳ್ಳಿ.

ವೈರನ್ನು ಫಿಂಗರ್‌ಬೋರ್ಡ್‌ಗಿಂತ ಸ್ವಲ್ಪ ಜಾಸ್ತಿ ಬಾಗಿಸಿ. ನೆಕ್ ಕೆಳಗೆ ಮರಳಿನ ಚೀಲ ಇಡಿ. ಪ್ಲಾಸ್ಟಿಕ್ ಮುಖದ ಸುತ್ತಿಗೆಯಿಂದ ಎರಡೂ ತುದಿಗಳನ್ನು ಮೊದಲು ಬಡಿದು, ಆಮೇಲೆ ನಡುವಿಗೆ ಬನ್ನಿ. ಕಿವಿಗೊಟ್ಟು ಕೇಳಿ: ಫ್ರೆಟ್ ಪೂರ್ತಿ ಕೂತ ಗಳಿಗೆಗೆ ಪೊಳ್ಳು ಸದ್ದು ಹೋಗಿ ಗಟ್ಟಿ ಸದ್ದು ಬರುತ್ತದೆ. ಆ ಸದ್ದು ಕೇಳಿದಾಗ ಆಗುವ ಖುಷಿಯೇ ಬೇರೆ.

ತುದಿಗಳನ್ನು ಕತ್ತರಿಸಿ ಅರ ಹಾಕಿ. ಮರಕ್ಕೆ ಟೇಪ್ ಅಂಟಿಸಿ, ಪ್ರತಿ ಫ್ರೆಟ್‌ನ ನೆತ್ತಿಗೂ ಮಾರ್ಕರ್ ಬಳಿಯಿರಿ. ಉದ್ದನೆಯ ಸಪಾಟು ಅರದಿಂದ ಎಲ್ಲದರ ಮಸಿಯೂ ತಾಗುವವರೆಗೆ ಉಜ್ಜಿ. ಮತ್ತೆ ಮಸಿ ಹಚ್ಚಿ, ನಡುವೆ ತೆಳು ಗೆರೆ ಮಾತ್ರ ಉಳಿಯುವಂತೆ ಎರಡೂ ಬದಿ ದುಂಡಗೆ ಮಾಡಿ. ಕೊನೆಗೆ 400ರಿಂದ 2000ದವರೆಗಿನ ನಂಬರಿನ ಸ್ಯಾಂಡ್‌ಪೇಪರ್‌ನಿಂದ ಹೊಳಪು ಕೊಡಿ.

ತಂತಿ ಕಟ್ಟಿ ನೋಡಿ. 12ನೇ ಫ್ರೆಟ್‌ನ ನೆತ್ತಿಗೂ ತಂತಿಗೂ ನಡುವೆ, ದಪ್ಪ ತಂತಿಗೆ 2.5, ಸಣ್ಣದಕ್ಕೆ 2 ಮಿ.ಮೀ. ಅಂತರ ಇದ್ದರೆ ಚೆನ್ನ. ಬೆರಳಿಡದೆ ಮೀಟಿದಾಗ ಮಾತ್ರ ಝರ್ ಅಂದರೆ ಫ್ರೆಟ್ ಕೀಳಬೇಡಿ. ಹೊಸ ಫ್ರೆಟ್ ಎತ್ತರವಾದ್ದರಿಂದ ಹಳೇ ನಟ್ (ನೆಕ್‌ನ ತಲೆಯ ಕಡೆ ತಂತಿ ಕೂರುವ ಪಟ್ಟಿ) ಗಿಡ್ಡವಾಗಿದೆ, ಅದನ್ನು ಬದಲಿಸಿ.