ನೆಲದ ಮೇಲೆ ಮೂರೂವರೆ ಚದರ ಮೀಟರ್

ಯುದ್ಧ, ಬರ, ನಿರಾಶ್ರಿತರು ಅಂತ ಪ್ರದರ್ಶನ ಮಾಡಲು ಹೊರಟರೆ ಎಲ್ಲರೂ ಮೊದಲು ಕೇಳುವುದು, "ಫೋಟೊ ಸಿಕ್ತಾ?" ಅಂತ. ಅಳುವ ಮಗುವಿನ ಫೋಟೊ ಅಂತ ಅದರ ಅರ್ಥ. ಸುಡಾನ್ ಕುರಿತು ನಾವು ಕೆಲವು ಗೆಳೆಯರು ಸೇರಿ ಪ್ರದರ್ಶನ ಮಾಡಿದಾಗ ಅಂಥದ್ದು ಒಂದನ್ನೂ ಹಾಕಲಿಲ್ಲ. ಬದಲಿಗೆ ಏನು ಮಾಡಿದೆವು ಅನ್ನುವುದನ್ನು ಬರೆದಿದ್ದೇನೆ. ಇದೇ ದಾರಿಯಲ್ಲಿರುವ ಯಾರಿಗಾದರೂ ಉಪಯೋಗಕ್ಕೆ ಬಂದೀತು.

ಫೋಟೊಗೆ ಶಕ್ತಿ ಇಲ್ಲ ಅಂತಲ್ಲ. 2015ರ ಸೆಪ್ಟೆಂಬರ್‌ನಲ್ಲಿ ಟರ್ಕಿಯ ಕಡಲತೀರದಲ್ಲಿ ಸತ್ತು ಬೋರಲು ಬಿದ್ದಿದ್ದ ಸಿರಿಯಾದ ಪುಟ್ಟ ನಿರಾಶ್ರಿತ ಅಲನ್ ಕುರ್ದಿಯ ಚಿತ್ರ ನೋಡದವರು ಕಡಿಮೆ. ಸಿರಿಯಾದ ಯುದ್ಧಕ್ಕೆ ಆಗಲೇ ನಾಲ್ಕು ವರ್ಷ ತುಂಬಿತ್ತು. ಎರಡು ಲಕ್ಷಕ್ಕೂ ಹೆಚ್ಚು ಜನ ಸತ್ತ ಸುದ್ದಿಗೆ ಅಲುಗದವರು ಆ ಒಂದು ಚಿತ್ರಕ್ಕೆ ಅಲುಗಿಹೋದರು. ಸ್ವೀಡನ್‌ನ ರೆಡ್ ಕ್ರಾಸ್‌ಗೆ ಬರುತ್ತಿದ್ದ ದೇಣಿಗೆ ಹತ್ತಾರು ಪಟ್ಟು ಏರಿತು. ಕೆಲವೇ ವಾರಗಳಲ್ಲಿ ಬಹುಪಾಲು ಇಳಿದೂ ಹೋಯಿತು. ನನ್ನ ಲೆಕ್ಕದಲ್ಲಿ ನಮ್ಮಂಥವರ ಕೆಲಸ ಶುರುವಾಗುವುದೇ ಆಮೇಲೆ, ಕ್ಯಾಮೆರಾಗಳು ಗಂಟುಮೂಟೆ ಕಟ್ಟಿ ಬೇರೆ ಕಡೆ ಹೋದ ಮೇಲೆ.

ಸುಡಾನ್ ಹಾಗೇ ಆಗಿದೆ. ಅಲ್ಲಿ ಯುದ್ಧ ಶುರುವಾಗಿದ್ದು 2023ರ ಏಪ್ರಿಲ್ 15ಕ್ಕೆ. ಮನೆ ಬಿಟ್ಟವರ ಸಂಖ್ಯೆ ಒಂದು ಕೋಟಿ ದಾಟಿತು. 2024ರ ಆಗಸ್ಟ್‌ನಲ್ಲಿ ಉತ್ತರ ಡಾರ್ಫುರ್‌ನ ಜಮ್‌ಜಮ್ ಶಿಬಿರದಲ್ಲಿ ಕ್ಷಾಮ ಇದೆ ಅಂತ ಪರಿಣತರೇ ಹೇಳಿದರು. ಇಷ್ಟಾದರೂ ಯಾರು ಯಾರ ಮೇಲೆ ಕಾದಾಡುತ್ತಿದ್ದಾರೆ ಅಂತ ನಮ್ಮ ತಂಡದಲ್ಲೇ ಅರ್ಧ ಜನಕ್ಕೆ ಗೊತ್ತಿರಲಿಲ್ಲ. ದೇಶದ ಸೈನ್ಯ ಒಂದು ಕಡೆ, ಆರ್‌ಎಸ್‌ಎಫ್ ಅನ್ನುವ ಅರೆಸೇನಾ ಪಡೆ ಇನ್ನೊಂದು ಕಡೆ. ಮೊದಲು ಇಬ್ಬರೂ ಒಟ್ಟಿಗೇ ಅಧಿಕಾರದಲ್ಲಿದ್ದವರು. ಬಾಗಿಲಲ್ಲಿ ಇಟ್ಟ ಬೋರ್ಡಿನಲ್ಲಿ ಇಷ್ಟನ್ನೇ ಬರೆದೆವು. ಇತಿಹಾಸವೆಲ್ಲ ತುಂಬಿದರೆ ಯಾರೂ ಓದಲ್ಲ.

ಒಳಗೆ ನೆಲದ ಮೇಲೆ ಮಾಸ್ಕಿಂಗ್ ಟೇಪ್. ಇದರ ಹಿಂದೆ ಸ್ಫಿಯರ್ ಅನ್ನುವ ಕೈಪಿಡಿ ಇದೆ. ನಿರಾಶ್ರಿತರಿಗೆ ಕನಿಷ್ಠ ಎಷ್ಟಾದರೂ ಸಿಗಬೇಕು ಅಂತ ಪರಿಹಾರ ಸಂಸ್ಥೆಗಳು ಸೇರಿ ಮಾಡಿಕೊಂಡ ಅಳತೆಗಳು ಅದರಲ್ಲಿವೆ. ಒಬ್ಬರಿಗೆ ಸೂರಿನಡಿ 3.5 ಚದರ ಮೀಟರ್ ಜಾಗ. ದಿನಕ್ಕೆ 15 ಲೀಟರ್ ನೀರು. 250 ಜನಕ್ಕೆ ಒಂದು ನಲ್ಲಿ, 20 ಜನಕ್ಕೆ ಒಂದು ಶೌಚಾಲಯ. ಕಾಗದದ ಮೇಲೆ ಓದಿದರೆ ಇವು ಬರೀ ಅಂಕಿ. ಅದಕ್ಕೇ ಐದು ಜನರ ಒಂದು ಕುಟುಂಬಕ್ಕೆ ಲೆಕ್ಕ ಹಾಕಿ, ಐದು ಮೀಟರ್ ಉದ್ದ, ಮೂರೂವರೆ ಮೀಟರ್ ಅಗಲ ಟೇಪ್ ಎಳೆದೆವು.

ಬಂದವರು ನೋಡಿ, "ಪರವಾಗಿಲ್ವೇ, ರೂಮಿನಷ್ಟಿದೆ" ಅನ್ನುತ್ತಿದ್ದರು. ನಾವು ವಾದ ಮಾಡಲು ಹೋಗುತ್ತಿರಲಿಲ್ಲ. ಐದು ಚಾಪೆ, ಒಂದು ಧಾನ್ಯದ ಚೀಲ, ನೀರಿನ ಕ್ಯಾನು, ಬಟ್ಟೆ ಗಂಟು ಕೈಗೆ ಕೊಟ್ಟು, "ಜೋಡಿಸಿ, ನೋಡೋಣ" ಅನ್ನುತ್ತಿದ್ದೆವು. ಅಪ್ಪ, ಅಮ್ಮ, ಅಜ್ಜಿ, ಹದಿನಾಲ್ಕರ ಹುಡುಗಿ, ಕೈಕೂಸು. ಕಾಲೇಜು ಹುಡುಗಿಯೊಬ್ಬಳು ಚಾಪೆಗಳನ್ನು ಮತ್ತೆ ಮತ್ತೆ ಎತ್ತಿ ಹಾಕಿದಳು. ಅಜ್ಜಿ ರಾತ್ರಿ ಏಳುತ್ತಾರೆ, ಬಾಗಿಲ ಹತ್ತಿರ ಇರಬೇಕು. ಹಾಗಿದ್ದರೆ ಹುಡುಗಿ ಬಟ್ಟೆ ಬದಲಾಯಿಸುವುದು ಎಲ್ಲಿ? ಧಾನ್ಯದ ಚೀಲವನ್ನೇ ಅಡ್ಡ ಇಟ್ಟಳು. ಆಮೇಲೆ ನನ್ನ ಕಡೆ ತಿರುಗಿ, "ಇಲ್ಲಿ ಎಷ್ಟು ದಿನ ಇರ್ತಾರೆ ಸರ್?" ಅಂದಳು. ಡಾರ್ಫುರ್‌ನ ಹಿಂದಿನ ಯುದ್ಧದಲ್ಲಿ, 2003ರ ಹೊತ್ತಿಗೆ, ಪಕ್ಕದ ದೇಶ ಚಾಡ್‌ಗೆ ಓಡಿಹೋದವರಲ್ಲಿ ಎಷ್ಟೋ ಜನ ಇನ್ನೂ ಶಿಬಿರದಲ್ಲೇ ಇದ್ದಾರೆ ಅಂದೆ. ಬೋರ್ಡಿನಲ್ಲಿ ಇದನ್ನು ಬರೆದಿದ್ದರೆ ಅವಳು ಓದಿ ಮುಂದೆ ಹೋಗುತ್ತಿದ್ದಳು. ಇಲ್ಲಿ ಪ್ರಶ್ನೆ ಅವಳದ್ದೇ ಆಗಿತ್ತು.

ಕ್ಯಾನಿಗೆ ನಿಜವಾಗಿ ನೀರು ತುಂಬಿ. ಖಾಲಿ ಕ್ಯಾನು ಇಟ್ಟರೆ ಅದು ನಾಟಕದ ಸಾಮಾನು ಅಷ್ಟೇ. ಐದು ಜನಕ್ಕೆ 75 ಲೀಟರ್ ಹೊರಬೇಕು, ನೀರು ಮನೆಯಿಂದ 500 ಮೀಟರ್ ದೂರ ಇರಬಹುದು, ಅದೂ ಎಲ್ಲ ನಿಯಮದ ಪ್ರಕಾರ ನಡೆದರೆ. ಒಂದು ಸುತ್ತು ಹೊತ್ತವರು ಸಾಮಾನ್ಯವಾಗಿ ಎರಡನೆಯದಕ್ಕೆ ಹೊರಡುತ್ತಿರಲಿಲ್ಲ.

ಗೋಡೆಗೆ ದನಿ ಬೇಕಿತ್ತು. ಗಡಿಯಾಚೆ ಚಾಡ್‌ನ ಅಡ್ರೆಯಲ್ಲಿ ಪರಿಹಾರ ಕೆಲಸದಲ್ಲಿದ್ದ ಪರಿಚಯದವರು ಮೊಬೈಲ್‌ನಲ್ಲಿ ಮಾತು ರೆಕಾರ್ಡ್ ಮಾಡಿ ಕಳಿಸಿದರು. ನಾನು ಅವರಿಗೆ ಹೇಳಿದ್ದು ಒಂದೇ: "ಏನಾಯ್ತು" ಅಂತ ಶುರುಮಾಡಬೇಡಿ, "ಮುಂಚೆ ಏನು ಕೆಲಸ ಮಾಡ್ತಿದ್ರಿ" ಅಂತ ಕೇಳಿ. ಟೈಲರ್ ಹೆಂಗಸೊಬ್ಬರು ತಮ್ಮ ಹೊಲಿಗೆ ಮಿಷನ್ ಬಗ್ಗೆಯೇ ತುಂಬ ಹೊತ್ತು ಮಾತಾಡಿದರು. ಸ್ಟ್ಯಾಂಡ್ ಬಿಟ್ಟು ಮಿಷನ್ನಿನ ತಲೆಯನ್ನಷ್ಟೇ ಬಿಚ್ಚಿ ಹೊತ್ತು ತಂದರಂತೆ. ಈಗ ದಾರ ಸಿಗುತ್ತಿಲ್ಲ ಅನ್ನುವುದು ಅವರ ದೊಡ್ಡ ದೂರು. ಇದನ್ನು ಕೇಳಿಸಿಕೊಂಡವರು ಅವರನ್ನು "ಪಾಪ" ಅನ್ನಲಿಲ್ಲ, ದಾರದ ವಿಷಯ ಕೇಳಿದರು. ನನಗೆ ಬೇಕಿದ್ದದ್ದೂ ಅದೇ.

ಹೀಗೆ ಕೇಳಬೇಕು ಅಂತ ನನಗೆ ಹೊಳೆದದ್ದು ಚಿತ್ತಪ್ರಸಾದ್ ಅವರಿಂದ. 1943ರ ಬಂಗಾಳದ ಬರದಲ್ಲಿ ಮಿಡ್ನಾಪುರ ಸುತ್ತಿ ಶಾಯಿಯಲ್ಲಿ ಚಿತ್ರ ಬರೆದವರು ಅವರು. ಯಾರ ಚಿತ್ರ ಬರೆದರೋ ಅವರ ಹೆಸರು, ಊರು, ಕಥೆಯನ್ನೂ ಗುರುತು ಮಾಡಿಕೊಳ್ಳುತ್ತಿದ್ದರು. ಹಸಿದವರ ಗುಂಪು ಅಲ್ಲ, ಇಂಥವರು ಅಂತ. ಬ್ರಿಟಿಷ್ ಸರ್ಕಾರ ಆ ಚಿತ್ರಗಳಿದ್ದ ಅವರ ಪುಸ್ತಕದ ಪ್ರತಿಗಳನ್ನು ಮುಟ್ಟುಗೋಲು ಹಾಕಿ ನಾಶ ಮಾಡಿತು.

ನಾವು ಹೆಸರು ಮಾತ್ರ ಬದಲಾಯಿಸಬೇಕಾಯಿತು. ಟೈಲರ್ ಅವರ ಅಣ್ಣ ಇನ್ನೂ ಸುಡಾನ್ ಕಡೆಯೇ ಇದ್ದಾರೆ. ಮುಖದ ಫೋಟೊ ಇಲ್ಲ, ಚಿತ್ರದಲ್ಲಿ ಕೈಗಳು ಮತ್ತು ಮಿಷನ್ ಮಾತ್ರ. ಕಲಾವಿದೆ ನೋಡಿ ಬರೆಯಲೆಂದು ಬಂದ ಫೋಟೊಗಳಿಂದ ಜಾಗದ ಮಾಹಿತಿ ಅಳಿಸಿದೆವು. ಬೇಡ ಅಂದ ದಿನ ತೆಗೆದುಹಾಕುತ್ತೇವೆ ಅಂತ ಅವರಿಗೆ ಮೊದಲೇ ಹೇಳಿದ್ದೆವು. ರೆಡ್ ಕ್ರಾಸ್ ಮತ್ತು ಪರಿಹಾರ ಸಂಸ್ಥೆಗಳು 1994ರಲ್ಲಿ ಒಪ್ಪಿದ ನೀತಿಸಂಹಿತೆಯಲ್ಲೂ ಇದೆ: ಪ್ರಚಾರದಲ್ಲಿ ಸಂತ್ರಸ್ತರನ್ನು ಘನತೆಯಿರುವ ಮನುಷ್ಯರಾಗಿ ಕಾಣಬೇಕು, ಕೈಲಾಗದ ವಸ್ತುಗಳಂತೆ ಅಲ್ಲ.

ರೆಕಾರ್ಡಿಂಗ್‌ಗೆ ಹಿನ್ನೆಲೆ ಸಂಗೀತ ಹಾಕಲೇಬೇಡಿ. ಕೊಳಲು ಬಂತು ಅಂದರೆ ಮಾತು ಹೋಯಿತು. ಅವರ ಅರಬ್ಬಿ ಮಾತನ್ನು ಸ್ವಲ್ಪ ಹೊತ್ತು ಹಾಗೇ ಬಿಟ್ಟು, ಆಮೇಲೆ ದನಿ ತಗ್ಗಿಸಿ ಕನ್ನಡ ಸೇರಿಸಿದೆವು. ಕನ್ನಡ ಓದಿದವರಿಗೆ ಭಾವ ತುಂಬಬೇಡಿ, ಪತ್ರ ಓದಿದ ಹಾಗೆ ಓದಿ ಅಂದೆ. ರಂಗಭೂಮಿಯವರಿಗೆ ಇದು ಕಷ್ಟ ಸ್ವಾಮಿ!

ಪತ್ರಿಕೆಯವರು ಕೇಳಿದ್ದೂ ಅಳುವ ಮುಖವನ್ನೇ. ಚಾಪೆ ಜೋಡಿಸುತ್ತಿರುವವರ ಫೋಟೊ ಕೊಟ್ಟೆವು. ಒಬ್ಬರು ಬೇಡ ಅಂದರು, ಇನ್ನೊಬ್ಬರು ಹಾಕಿದರು.

ಹೊರಗೆ ಹೋಗುವ ಬಾಗಿಲಲ್ಲಿ ಎಲ್ಲರೂ "ನಾವೇನು ಮಾಡಬಹುದು" ಅನ್ನುತ್ತಾರೆ. ಅದಕ್ಕೆ ಉತ್ತರ ಸಿದ್ಧ ಇಲ್ಲದಿದ್ದರೆ ಪ್ರದರ್ಶನ ಮಾಡದಿರುವುದೇ ವಾಸಿ. ಅಲ್ಲಿ ಕೆಲಸ ಮಾಡುತ್ತಿರುವ ಸಂಸ್ಥೆಗಳ ಹೆಸರಿದ್ದ ಚೀಟಿ ಕೊಟ್ಟೆವು. ಬಯಸಿದವರ ಇಮೇಲ್ ಬರೆದುಕೊಂಡೆವು. ತಿಂಗಳಿಗೊಂದು ಸಂದೇಶ ಹೋಗುತ್ತದೆ, ಒಂದು ಸಲಕ್ಕೆ ಒಂದೇ ಊರಿನ ಸುದ್ದಿ. ಕೆಲವರು ಬಿಟ್ಟುಹೋದರು, ಕೆಲವರು ಉತ್ತರ ಬರೆಯುತ್ತಾರೆ. ದಾರದ ವಿಷಯ ಏನಾಯಿತು ಅಂತ ಈಗಲೂ ಕೇಳುವವರಿದ್ದಾರೆ.